ಲ್ಯಾಪ್‌ಟಾಪಿಗೊಂದು ಕೌದಿ

ಮುಂಜಾನೆ ಒಂಬತ್ತು ಹತ್ತಕ್ಕೆ ಸಂಗಮೇಶ್ವರನ ಲ್ಯಾಪ್‌ಟಾಪು ಹೇಳದೆ ಕೇಳದೆ ಕಣ್ಣು ಮುಚ್ಚಿತು. ಗ್ರಂಥಸೂಚಿಯ ಏಳನೆಯ ಪುಸ್ತಕದ ಹೆಸರು ಅರ್ಧ ಟೈಪಾಗಿತ್ತು. ಗುಂಡಿ ಒತ್ತಿದ. ಕಂಪನಿಯ ಗುರುತು ಬೆಳಗಿತು, ಚಕ್ರವೊಂದು ಎರಡು ಸುತ್ತು ತಿರುಗಿತು, ಮತ್ತೆ ಕತ್ತಲಾಯಿತು. ಇನ್ನೊಮ್ಮೆ ಒತ್ತಿದ. ಈ ಸಲ ಗುರುತೂ ಬರಲಿಲ್ಲ.

ಒಂದು ವಾರದಿಂದ ಅದರದು ಇದೇ ಆಟ. ಹದಿನೈದು ನಿಮಿಷ ನಡೆಯುವುದು, ಸಾಯುವುದು, ಅರ್ಧ ತಾಸು ಬಿದ್ದುಕೊಂಡು ಮತ್ತೆ ಏಳುವುದು. ಬೇರೆ ದಿನವಾಗಿದ್ದರೆ ಬೈದುಕೊಂಡು ಚಹಾ ಕುಡಿಯಬಹುದಿತ್ತು. ಇವತ್ತು ಹಾಗಿರಲಿಲ್ಲ. ನಾಲವಾರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದ ಈ ಸಂಗಮೇಶ್ವರ ಆರು ವರ್ಷದಿಂದ 'ಕಾಗಿಣಾ ದಂಡೆಯ ಕೌದಿಗಳು' ಎಂಬ ಮಹಾಪ್ರಬಂಧ ಬರೆಯುತ್ತಿದ್ದ. ಮುನ್ನೂರ ಹನ್ನೆರಡು ಪುಟ ಆಗಿತ್ತು. ಇವತ್ತು ಸಂಜೆ ಐದರೊಳಗೆ ಅದು ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಬೇಕು, ಇಲ್ಲವಾದರೆ ನೋಂದಣಿ ರದ್ದು. ಮೂರು ಸಲ ಗಡುವು ಮುಂದೆ ಹಾಕಿಸಿಕೊಟ್ಟ ಗೈಡ್ ಸುಮಂಗಲಾ ಮೇಡಂ ನಿನ್ನೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು.

"ಸಂಗಮೇಶ್ವರ, ಐದಕ್ಕ ಬಂದ್ ಆಗ್ತದ. ಐದೂ ಒಂದಕ್ಕ ನೀವು ಡಾಕ್ಟರೂ ಅಲ್ಲ, ನಾ ನಿಮ್ಮ ಗೈಡೂ ಅಲ್ಲ."

ಉಳಿದದ್ದು ನಲವತ್ತು ಪುಸ್ತಕಗಳ ಪಟ್ಟಿಯೊಂದೇ. ಅದಕ್ಕೆಂದೇ ಶಾಲೆಗೆ ರಜೆ ಹಾಕಿ, ಪುಸ್ತಕಗಳನ್ನೆಲ್ಲ ಸುತ್ತ ಹರಡಿಕೊಂಡು ವಾಡಿಯ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ.

"ಮತ್ತ ಬಂದ್ ಆಯ್ತೇನ್ರಿ?" ಎನ್ನುತ್ತ ಒಳಗಿನಿಂದ ಹೆಂಡತಿ ಬಸವೇಶ್ವರಿ ಬಂದಳು. ಅವಳ ಹಿಂದೆ ಅವಳ ತಾಯಿ ಶಿವಕಾಂತಮ್ಮ, ಕೈಯಲ್ಲಿ ಸೂಜಿದಾರ ಹಿಡಿದು.

ಶಿವಕಾಂತಮ್ಮ ದಂಡೋತಿಯಿಂದ ಬಂದು ಹತ್ತು ದಿನವಾಗಿತ್ತು. ಕೌದಿ ಹೊಲಿಯುವುದರಲ್ಲಿ ಆಕೆಯನ್ನು ಮೀರಿಸುವವರು ಆ ಕಡೆ ಇಲ್ಲ. ಅಳಿಯನ ಪ್ರಬಂಧದಲ್ಲಿ ನೂರಾ ಹದಿನೆಂಟು ಕಡೆ ಆಕೆಯ ಹೆಸರಿದೆ. ಮೂರನೆಯ ಅಧ್ಯಾಯವಂತೂ ಇಡೀ ಆಕೆಯ ಅಜ್ಜಿ ಹೊಲಿದ ಕೌದಿಯದೇ. ಬಂದ ದಿನವೇ ಆಕೆ ಲ್ಯಾಪ್‌ಟಾಪಿನ ಮೇಲೆ ಬೆರಳು ಎಳೆದು, ಬೆರಳಿಗೆ ಹತ್ತಿದ ಧೂಳು ನೋಡಿ ಹೌಹಾರಿದ್ದಳು. ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿ ಮುಂಜಾನೆ ಒರೆಸಿದ ಟೇಬಲ್ಲಿನ ಮೇಲೆ ಮಧ್ಯಾಹ್ನ ಹೆಸರು ಬರೆಯಬಹುದು. ಮರುದಿನವೇ ತನ್ನ ಹಸಿರು ಸೀರೆ, ಮಗಳ ಕೆಂಪು ಸೀರೆ ಹರಿದು, ನಾಲ್ಕು ಪದರು ಹಾಕಿ ಲ್ಯಾಪ್‌ಟಾಪಿಗೊಂದು ಕೌದಿ ಹೊಲಿದಳು. ತಳ, ಬೆನ್ನು, ಮಗ್ಗಲು ಎಲ್ಲ ಮುಚ್ಚಿ, ನಾಲ್ಕು ಮೂಲೆಗೆ ಕುಚ್ಚು ಬಿಟ್ಟಿದ್ದಳು. ಕುಂಚಿಗೆ ಹಾಕಿದ ಕೂಸಿನ ಹಾಗೆ ಮುಖವೊಂದೇ ಕಾಣುತ್ತಿತ್ತು. ಬಿಚ್ಚುವ ಕೆಲಸವೇ ಇಲ್ಲ, ಅದರೊಳಗೇ ಇಟ್ಟು ಟೈಪು ಮಾಡಬಹುದು. ಸಂಗಮೇಶ್ವರನಿಗೆ ಕಣ್ಣಲ್ಲಿ ನೀರು ಬಂದಿತ್ತು. ಪ್ರಬಂಧದಲ್ಲಿ ಅದರದೂ ಒಂದು ಫೋಟೋ ಹಾಕಿದ.

ಈಗ ಆಕೆ ಲ್ಯಾಪ್‌ಟಾಪಿನ ಹಣೆ ಮುಟ್ಟಿ ನೋಡಿದಳು. "ಅಯ್ಯ ಶಿವನೇ, ಮೈ ಸುಡಾಕತ್ತದಲ್ರಿ. ದವಾಖಾನಿಗಿ ಒಯ್ರಿ ಮದಲು."

ಒಯ್ಯುವಾಗ ಸಂಗಮೇಶ್ವರ ಬಾಗಿಲ ಮರೆಯಲ್ಲಿ ಕೌದಿ ಕಳಚಿಟ್ಟ. ಸ್ಟೇಷನ್ ರಸ್ತೆಯಲ್ಲಿ ಕುಚ್ಚು ತೂಗಾಡಿಸಿಕೊಂಡು ಹೋಗಲು ಮಾಸ್ತರಿಕೆ ಅಡ್ಡ ಬಂತು.

ಸ್ಟೇಷನ್ ರಸ್ತೆಯಲ್ಲಿ ಅಕ್ರಮನ ರಿಪೇರಿ ಅಂಗಡಿ. ಅಕ್ರಮ ಗುಂಡಿ ಒತ್ತಿದ. ಲ್ಯಾಪ್‌ಟಾಪು ಎದ್ದು ಕುಳಿತಿತು. ಅರ್ಧ ತಾಸು ನೋಡಿದರು, ಒಂದು ತಾಸು ನೋಡಿದರು. ಕೆಮ್ಮಲೂ ಇಲ್ಲ.

"ಮಸ್ತ್ ಓಡಾಕತ್ತದಲ್ರಿ ಸರ್."

"ಮನ್ಯಾಗ ಸಾಯ್ತದಪ್ಪಾ!"

"ಇಲ್ಲಿ ಸಾಯವಲ್ದಲ್ರಿ. ಸತ್ತಿದ್ರ ಏನರ ಮಾಡ್ತಿದ್ದೆ. ಬದುಕಿದ್ದಕ್ಕ ನಾ ಏನ್ ಮಾಡ್ಲಿ?" ಅಕ್ರಮ ತಲೆ ಕೆರೆದುಕೊಂಡ. "ಯಾವುದಕ್ಕೂ ಪೆನ್‌ಡ್ರೈವ್‌ನ್ಯಾಗ ಒಂದು ಕಾಪಿ ಹಾಕಿ ಕೊಡ್ಲೇನ್ರಿ?"

"ಬ್ಯಾಡೋ, ಜಲ್ದಿ ಹೋಗ್ಬೇಕು. ಮೂರು ಕಾಪಿ ಇಟ್ಟೀನಿ."

"ಎಲ್ಲೆಲ್ಲಿ ಇಟ್ಟೀರಿ?"

"ಇದರಾಗೇ. ಮೂರು ಬ್ಯಾರೆ ಬ್ಯಾರೆ ಫೋಲ್ಡರಿನ್ಯಾಗ."

ಅಕ್ರಮ ಫೋನ್ ನಂಬರು ಕೇಳಿ ಬರೆದುಕೊಂಡ. ತನ್ನ ನಂಬರು ಕೊಟ್ಟರೆ ಮೇಡಮ್ಮಿಗೆ ಎಂಗೇಜು ಬಂದೀತೆಂದು ಸಂಗಮೇಶ್ವರ ಹೆಂಡತಿಯ ನಂಬರು ಕೊಟ್ಟ.

ಮನೆಗೆ ಬರುತ್ತಲೇ ಶಿವಕಾಂತಮ್ಮ ಲ್ಯಾಪ್‌ಟಾಪನ್ನು ಕೈಯಿಂದ ಕಸಿದು ಕೌದಿಯೊಳಗೆ ಸೇರಿಸಿದಳು. ಹದಿನೈದನೆಯ ನಿಮಿಷಕ್ಕೆ, ಹನ್ನೆರಡನೆಯ ಪುಸ್ತಕಕ್ಕೆ, ಅದು ಮತ್ತೆ ಕಣ್ಣು ಮುಚ್ಚಿತು. ಸಂಗಮೇಶ್ವರ ಕೂಗಿದ ಕೂಗಿಗೆ ಮೇಲಿನ ಮನೆಯ ರಮೇಶಕುಮಾರ ಇಳಿದು ಬಂದರು.

ರಮೇಶಕುಮಾರ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಮೂವತ್ತೆಂಟು ವರ್ಷ ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಕುಳಿತವರು, ಮಾತಾಡುವುದು ಮಾತ್ರ ಎಂಜಿನ್ನಿನ ಬಗ್ಗೆ.

"ಏನಿಲ್ಲ ಮಾಸ್ತರ, ಒಳಗ ಏನೋ ಸಿಕ್ಕೊಂಡಾದ. ಬೋರಲು ಹಾಕ್ರಿ," ಎಂದು ತಾವೇ ಬೋರಲು ಹಾಕಿ, ಎಳೆಗೂಸಿಗೆ ತೇಗು ಬರಿಸುವವರ ಹಾಗೆ ಬೆನ್ನು ತಟ್ಟತೊಡಗಿದರು. ಇಪ್ಪತ್ತು ನಿಮಿಷ ತಟ್ಟಿದರು. ಸಂಗಮೇಶ್ವರನಿಗೆ ಒಂದೊಂದು ಪೆಟ್ಟೂ ತನ್ನ ಒಂದೊಂದು ಅಧ್ಯಾಯಕ್ಕೇ ಬಿದ್ದಂತೆ ಅನಿಸುತ್ತಿತ್ತು. ತಿರುಗಿಸಿ ಗುಂಡಿ ಒತ್ತಿದರೆ ಲ್ಯಾಪ್‌ಟಾಪು ಎದ್ದಿತು!

"ಹೆಂಗ?" ಎಂದು ರಮೇಶಕುಮಾರ ಮೀಸೆ ತಿರುವಿದರು. ಮೀಸೆ ಬಿಡುವುದರೊಳಗೆ, ಹದಿನಾರನೆಯ ಪುಸ್ತಕಕ್ಕೆ, ಅದು ಮತ್ತೆ ಹೋಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಸೈದಾನಬಿ ಒಳಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಯಾ ಅಲ್ಲಾ! ಇದಕ್ಕ ನಜರ್ ಹತ್ಯಾದ, ಬೇಟಾ. ಇಷ್ಟು ಚಂದ ಕೌದಿ ಹಾಕಿ ಕುಂದ್ರಿಸಿದ್ರ ಯಾರ ಕಣ್ಣರ ಬೀಳ್ದೇ ಇರ್ತದೇನು?"

"ಖಾಲಾ, ಇದು ಮಷೀನು..."

"ಮಷೀನಿಗೆ ಕಣ್ಣಿಲ್ಲ, ಮಂದಿಗೆ ಅದ ಇಲ್ಲೋ?"

ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಘಾಟು ಎದ್ದಿತು. ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿ, ಅರ್ಧ ತಾಸು ಅಲ್ಲೇ ಕಣ್ಣೊರೆಸಿಕೊಂಡರು. ಘಾಟು ಇಳಿದ ಮೇಲೆ ಒಳಗೆ ಬಂದು ಗುಂಡಿ ಒತ್ತಿದರೆ ಲ್ಯಾಪ್‌ಟಾಪು ಎದ್ದಿತು! ಸೈದಾನಬಿ ರಮೇಶಕುಮಾರರ ಕಡೆ ಒಂದು ನೋಟ ಎಸೆದಳು. ಹತ್ತೊಂಬತ್ತನೆಯ ಪುಸ್ತಕಕ್ಕೆ ಅದು ಮತ್ತೆ ಹೋಯಿತು.

"ನೀವು ತಟ್ಟಿದ್ದಕ್ಕೇ ಕೆಟ್ಟಾದ," ಎಂದಳು ಸೈದಾನಬಿ.

"ನಿಮ್ಮ ಖಾರದ ಹೊಗಿ ಒಳಗ ಹೊಕ್ಕಾದ," ಎಂದರು ರಮೇಶಕುಮಾರ.

ಇಬ್ಬರ ನಡುವೆ ಸಂಗಮೇಶ್ವರ ಗಡಿಯಾರ ನೋಡಿದ. ಎರಡೂವರೆ. ಆರು ವರ್ಷ! ಭಾನುವಾರ ಬಿಡಲಿಲ್ಲ, ಹಬ್ಬ ಬಿಡಲಿಲ್ಲ, ಆಡಕಿಯಿಂದ ಚಿಂಚೋಳಿ ಮಟ ಮನೆಮನೆಯ ಕೌದಿ ಬಿಡಿಸಿ ನೋಡಿದ. ಅದೆಲ್ಲ ಆ ಕರೀ ಡಬ್ಬಿಯೊಳಗೆ ಸಿಕ್ಕಿಬಿದ್ದಿತ್ತು.

ಶಿವಕಾಂತಮ್ಮ ಮತ್ತೊಮ್ಮೆ ಹಣೆ ಮುಟ್ಟಿದಳು. "ಜ್ವರ ಇನ್ನೂ ಏರ್ಯಾದ. ಸರೀರಿ ಎಲ್ಲಾರೂ. ಬೆವರು ಬರ್ಬೇಕು ಇದಕ್ಕ." ಹಾಸಿಗೆ ಮೇಲಿನ ದೊಡ್ಡ ಕೌದಿ ಎಳೆದು ತಂದು ಲ್ಯಾಪ್‌ಟಾಪಿನ ಮೇಲೆ ಹೊದಿಸಿ, ಅಂಚು ಒತ್ತಿ ಕುಳಿತಳು. ಸಂಗಮೇಶ್ವರ ಬೇಡ ಎನ್ನಲಿಲ್ಲ. ಬೆನ್ನು ತಟ್ಟಿಸಿದವನು, ಮೆಣಸಿನಕಾಯಿ ನಿವಾಳಿಸಲು ಬಿಟ್ಟವನು ಇದಕ್ಕೆ ಯಾವ ಬಾಯಿಂದ ಬೇಡ ಎಂದಾನು?

ಒಂದು ತಾಸಿನ ಮೇಲೆ ತೆಗೆದು ಗುಂಡಿ ಒತ್ತಿದರು. ಏನೂ ಇಲ್ಲ. ದೀಪವೂ ಹತ್ತಲಿಲ್ಲ. ಅದೇ ಹೊತ್ತಿಗೆ ಮೇಡಮ್ಮಿನ ಫೋನು ಬಂತು.

"ಸಂಗಮೇಶ್ವರ, ಮೂರೂ ನಲವತ್ತು."

"ಹೌದ್ರಿ ಮೇಡಂ," ಎಂದವನಿಗೆ ಅಳು ಬಂತು. ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಲ್ಯಾಪ್‌ಟಾಪನ್ನು ಬರಿಗೈಯಲ್ಲಿ ಎತ್ತಿಕೊಂಡು ಓಡಿದ. ಓಣಿ ದಾಟುವಷ್ಟರಲ್ಲಿ ಶಿವಕಾಂತಮ್ಮ ಹಿಂದೆ ಓಡಿ ಬಂದು ಅಡ್ಡಗಟ್ಟಿದಳು. "ಜಡ್ಡು ಬಿದ್ದ ಜೀವ, ಬರೇ ಮೈಯಾಗ ಒಯ್ತೀರಲ್ರಿ!" ಎಂದು ಅಲ್ಲೇ ನಡುಬೀದಿಯಲ್ಲಿ ಕೌದಿ ತೊಡಿಸಿ ಕಳಿಸಿದಳು.

ಅಕ್ರಮನ ಟೇಬಲ್ಲಿನ ಮೇಲೆ ಕೌದಿ ಸಮೇತ ಇಟ್ಟಾಗ ನಾಲ್ಕು ಗಂಟೆ. ಗುಂಡಿ ಒತ್ತಿದರೆ ಎದ್ದಿತು, ಐದು ನಿಮಿಷಕ್ಕೆ ಸತ್ತಿತು.

"ಸತ್ತಾದ! ಸತ್ತಾದ!" ಎಂದು ಅಕ್ರಮ ಖುಷಿಯಿಂದ ಕುಣಿದಾಡಿದ. ಸಂಗಮೇಶ್ವರ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದ.

ಅಕ್ರಮ ಕೌದಿಯೊಳಗೆ ಕೈ ಹಾಕಿ, ಬೆರಳು ಸುಟ್ಟು, ಝಾಡಿಸಿದ. ಕೌದಿ ಕಳಚಿದ. ತಳದ ಜಾಲಿಗೆ ಕೈ ಒರೆಸಿ ನೋಡಿದ. ಆಮೇಲೆ ಮೊಬೈಲು ಹಿಡಿದು ಹೊರಗೆ ಹೋಗಿ ಯಾರಿಗೋ ಏನೋ ಕೂಗಿ ಹೇಳಿ ಬಂದು, ತಳದ ತಿರುಪು ಬಿಚ್ಚಿ ಬ್ರಷ್ ಆಡಿಸಿದ. ಒಳಗಿನ ಫ್ಯಾನಿನಿಂದ ನೂಲಿನ ಎಳೆಗಳು ಉಂಡೆಯಾಗಿ ಬಂದವು. ಒಂದಿಷ್ಟು ಹಸಿರು, ಒಂದಿಷ್ಟು ಕೆಂಪು. ಕೆಂಪಿನದು ಬಸವೇಶ್ವರಿಯ ಮದುವೆ ಸೀರೆ ಎಂದು ಸಂಗಮೇಶ್ವರ ನೋಡಿದ ಕೂಡಲೇ ಗುರುತಿಸಿದ, ಎಷ್ಟೆಂದರೂ ಸಂಶೋಧಕ.

ಟೇಬಲ್ ಫ್ಯಾನು ಎದುರಿಗೆ ಹಚ್ಚಿ ಲ್ಯಾಪ್‌ಟಾಪು ಎಬ್ಬಿಸಿದರು. ಪ್ರಬಂಧ ತೆರೆಯಿತು, ಯಾವುದೋ ನಡುವಿನ ಪುಟಕ್ಕೆ. ಅಕ್ರಮ ಬಗ್ಗಿ ಗಟ್ಟಿಯಾಗಿ ಓದಿದ.

"'ಕೌದಿಯ ಮುಖ್ಯ ಗುಣವೆಂದರೆ, ಅದು ಒಳಗಿನ ಕಾವನ್ನು ಹೊರಗೆ ಹೋಗಗೊಡುವುದಿಲ್ಲ. ಅದರಲ್ಲಿ ಸುತ್ತಿಟ್ಟ ವಸ್ತು ತಾಸುಗಟ್ಟಲೆ ಬಿಸಿಯಾಗಿಯೇ ಇರುತ್ತದೆ.' ಪುಟ ಅರವತ್ತಮೂರು. ಸರ್, ಇದು ಯಾರು ಬರ್ದಿದ್ದು?"

"ನಾನೇ."

"ಯಾವಾಗ ಬರ್ದೀರಿ?"

"ನಾಕು ವರ್ಷ ಆಯ್ತು."

"ನಾಕು ವರ್ಷದ ಹಿಂದೇ ಗೊತ್ತಿತ್ತಲ್ರಿ ನಿಮಗ!"

ಸಂಗಮೇಶ್ವರ ಚೀಲ ಬಿಚ್ಚಿದ. ಪುಸ್ತಕ ತೆಗೆತೆಗೆದು ಟೈಪು ಮಾಡಿದ. ಮೂವತ್ತು. ಮೂವತ್ತೈದು. ಅಕ್ರಮ ನಿಮಿಷಕ್ಕೊಮ್ಮೆ ಗಂಟೆ ಕೂಗುತ್ತಿದ್ದ. ನಲವತ್ತನೆಯದು ಮುಗಿದಾಗ ನಾಲ್ಕೂ ಐವತ್ತೊಂದು. ಜಾಲತಾಣಕ್ಕೆ ಹತ್ತಿಸಿದ. 'ಸ್ವೀಕರಿಸಲಾಗಿದೆ' ಎಂದು ಬಂದಾಗ ನಾಲ್ಕೂ ಐವತ್ತೇಳು. ಅಕ್ರಮನನ್ನು ಅಪ್ಪಿಕೊಂಡು ಅತ್ತೇಬಿಟ್ಟ.

ಮನೆಯ ದಾರಿಯುದ್ದಕ್ಕೂ ಒಂದೇ ಚಿಂತೆ. ಅತ್ತೆಗೆ ಹೇಳುವುದು ಹೇಗೆ? ಕೌದಿಯದೇ ತಪ್ಪು ಎಂದರೆ ಆ ಜೀವ ತಡೆದುಕೊಂಡೀತೆ? ನಿಜ ಹೇಳಲೇಬೇಕು ಎಂದುಕೊಂಡು ನಾಲ್ಕು ಸಲ ಬಾಯಿಪಾಠ ಮಾಡಿದ. ಬಾಗಿಲಲ್ಲಿ ಶಿವಕಾಂತಮ್ಮನ ಅತ್ತು ಕೆಂಪಾದ ಕಣ್ಣು ಕಂಡದ್ದೇ ತಡ, ಬಾಯಿಪಾಠವೆಲ್ಲ ಹಾರಿಹೋಯಿತು.

"ಧೂಳು ಹೋಗಿತ್ತಂತ್ರಿ ಅತ್ತಿ. ನಿಮ್ಮ ಕೌದಿ ಇಲ್ಲದಿದ್ರ ಇನ್ನೂ ಭಾಳ ಹೋಗ್ತಿತ್ತಂತ."

"ಸುಳ್ಳು ಹೇಳಬ್ಯಾಡ್ರಿ," ಎಂದು ಶಿವಕಾಂತಮ್ಮ ಮೂಗು ಒರೆಸಿಕೊಂಡು ನಕ್ಕಳು. "ಅಕ್ರಮ ನಾಕಕ್ಕೇ ಫೋನ್ ಮಾಡಿದ್ದ. ಕೌದಿ ದಪ್ಪ ಆಗಿ ಅದಕ್ಕ ಉಸಿರು ಕಟ್ಟಾಕತ್ತದ ಅಂದ. ಕುಂತು ಅತ್ತೆ. ಅತ್ತು ಏನ್ ಮಾಡೂದದ? ತೆಳ್ಳನ ಅರಿವೀದು ಇನ್ನೊಂದು ಹೊಲಿದೀನಿ. ಗಾಳಿ ಪಸಂದ ಆಡ್ತದ, ನೋಡ್ರಿ."

ಹೊಸ ಹೊದಿಕೆ ಕೈಗೆ ಕೊಟ್ಟಳು. ಹಗುರವಾಗಿತ್ತು, ಎತ್ತಿ ಹಿಡಿದರೆ ಬೆಳಕು ಈಚೆಗೆ ಕಾಣುತ್ತಿತ್ತು. ಮೂಲೆಯಲ್ಲಿ ಮಾಸಿದ ನೀಲಿ ತ್ರಿಕೋನವೊಂದಿತ್ತು. ಆ ತ್ರಿಕೋನದ ಬಗ್ಗೆ ಸಂಗಮೇಶ್ವರ ಎರಡು ಪುಟ ಬರೆದಿದ್ದ.

"ಅತ್ತಿ, ಇದು..."

"ನಮ್ಮ ಅಜ್ಜೀದು. ನೂರು ವರ್ಷದ್ದು. ಸವೆದು ಸವೆದು ಜಾಳಾಗಿತ್ತು ನೋಡ್ರಿ, ಇದಕ್ಕೇ ಮಾಡಿಸಿದಂಗ ಕುಂತಾದ. ಫೋಟೋಕ್ಕಂತ ಟ್ರಂಕಿನ್ಯಾಗ ತಂದಿದ್ದೆ. ಕತ್ತರಿ ಹಚ್ಚೂವಾಗ ಜೀವ ಚುರ್ ಅಂತು. ಇರ್ಲಿ, ಸತ್ತ ಅಜ್ಜಿಗಿಂತ ನೀವು ಹೆಚ್ಚು ನನಗ."

ಸಂಗಮೇಶ್ವರ ನೀಲಿ ತ್ರಿಕೋನದ ಮೇಲೆ ಬೆರಳಾಡಿಸಿದ. ಆ ಪ್ರೀತಿಗೆ ಅಳಬೇಕೋ, ಆ ಕತ್ತರಿಗೆ ಅಳಬೇಕೋ ತಿಳಿಯಲಿಲ್ಲ. "ಉಳಿದಿದ್ದು ಎಲ್ಲದರಿ?" ಎಂದು ಹೇಗೋ ಕೇಳಿದ.

"ಹಾಳು ಮಾಡಿಲ್ರಿ," ಎಂದಳು ಬಸವೇಶ್ವರಿ. "ಸೈದಾನಬಿ ಖಾಲಾನ ಮಿಕ್ಸರಿಗಿ ಒಂದು ಹೊಲಿದಾಳ ಅವ್ವ. ರಮೇಶಕುಮಾರ ಕಾಕಾರ ಟೀವಿಗಿ ಒಂದು."

ಮೇಲಿನ ಮನೆಯಿಂದ ರಮೇಶಕುಮಾರರ ದನಿ ಬಂತು. "ಮಾಸ್ತರ, ಭಾಳ ಚಂದ ಕುಂತಾದ ಬರ್ರಿ, ನೋಡ್ರಿ!"

ಜೇಬಿನಲ್ಲಿ ಫೋನು ನಡುಗಿತು. ಸುಮಂಗಲಾ ಮೇಡಂ. ಆರು ವರ್ಷದಲ್ಲಿ ಮೊದಲ ಬಾರಿ ಅವರ ದನಿಯಲ್ಲಿ ನಗು ಇತ್ತು.

"ಪ್ರಬಂಧ ಬಂದಾದ ಸಂಗಮೇಶ್ವರ, ಶಾಬಾಸ್. ಮೂರನೇ ಅಧ್ಯಾಯ ಮೊನ್ನೇ ಪರೀಕ್ಷಕರಿಗೆ ತೋರಿಸಿದ್ದೆ. ನೂರು ವರ್ಷದ ಕೌದಿ ಫೋಟೋದಾಗ ನೋಡಿದ್ರ ನಂಬಂಗಿಲ್ಲ, ಕಣ್ಣಾರೆ ತೋರಿಸ್ಬೇಕು, ಇಲ್ಲಂದ್ರ ಡಿಗ್ರಿ ಕೊಡಂಗಿಲ್ಲ ಅಂತಾರ. ಮುಂದಿನ ವಾರ ಅವರನ್ನ ಕಾಣಾಕ ಬರೂವಾಗ ಕೌದಿ ತರ್ರಿ. ತುಂಡು ಗಿಂಡು ಅಲ್ಲ, ಇಡೀ ಕೌದಿ. ತರ್ತೀರಿಲ್ಲೋ?"

ಸಂಗಮೇಶ್ವರ ಕೈಯಲ್ಲಿದ್ದ ನೀಲಿ ತ್ರಿಕೋನ ನೋಡಿದ, ಅತ್ತೆಯ ನಗುಮುಖ ನೋಡಿದ.

"ತರ್ತೀನ್ರಿ ಮೇಡಂ," ಎಂದ. "ಲ್ಯಾಪ್‌ಟಾಪು, ಮಿಕ್ಸರು, ಟೀವಿ ಸಮೇತ ತರ್ಬೇಕಾಗ್ತದ."