ನಾಲ್ಕನೇ ಮಹಡಿಗೆ ಒಂದು ಕಪ್ ಬಿಸಿ ಟೀ

ಪ್ರವಾಸಿ ಹಡಗಿನ ಹನ್ನೊಂದನೇ ಮಹಡಿಯಲ್ಲಿರುವ ಟೀ ಕೌಂಟರಿನಿಂದ ನಾಲ್ಕನೇ ಮಹಡಿಯ ನಮ್ಮ ಕೋಣೆಗೆ ಒಂದು ಕಪ್ ಟೀ ಇಳಿದು ಬರಲು ಒಂಬತ್ತು ನಿಮಿಷ ಹಿಡಿಯುತ್ತದೆ. ಇದನ್ನು ನಾನು ಕೈಗಡಿಯಾರ ನೋಡಿಕೊಂಡು ಅಳೆದಿದ್ದೇನೆ, ಬರೆದಿಟ್ಟಿದ್ದೇನೆ, ಕೆಳಗೆ ದಿನಾಂಕ ಸಹಿತ ಸಹಿಯನ್ನೂ ಹಾಕಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ಯಾರೂ ಅನುಮಾನ ಪಡುವ ಅಗತ್ಯವಿಲ್ಲ.

ನಾನು ದಾಖಲೆಗಳ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ಅಧೀಕ್ಷಕನಾಗಿ ನಿವೃತ್ತನಾದವನು. ಯಾವ ಅರ್ಜಿ ಬಂದರೂ ಮೊದಲು ‘ಲಗತ್ತು ಎಲ್ಲಿ?’ ಎಂದು ಕೇಳುವುದು ನನ್ನ ಅಭ್ಯಾಸವಾಗಿದ್ದರಿಂದ ಕಚೇರಿಯವರು ನನಗೆ ‘ಲಗತ್ತು’ ಎಂದೇ ಹೆಸರಿಟ್ಟಿದ್ದರು. ಅದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ಬೀಳ್ಕೊಡುಗೆಯ ದಿನ ಭಾಷಣಕಾರರು ಬಾಯಿ ತಪ್ಪಿ ‘ನಮ್ಮ ಪ್ರೀತಿಯ ಲಗತ್ತು ಸಾಹೇಬರು’ ಎಂದೇಬಿಟ್ಟರು. ನಾನು ಎದ್ದು ಕೈ ಮುಗಿದೆ. ಎಲ್ಲರೂ ಸೇರಿ ನಮ್ಮಿಬ್ಬರಿಗೆ ಏಳು ದಿನದ ಹಡಗಿನ ಪ್ರವಾಸದ ಟಿಕೆಟ್ ಕೊಟ್ಟರು. ನೆಲವೇ ಕಾಣದಷ್ಟು ದೂರಕ್ಕೆ ನನ್ನನ್ನು ಕಳಿಸಬೇಕೆಂಬುದು ಸಿಬ್ಬಂದಿಯ ಸರ್ವಾನುಮತದ ತೀರ್ಮಾನವಾಗಿತ್ತಂತೆ. ಆ ಕಚೇರಿಯಲ್ಲಿ ಸರ್ವಾನುಮತದಿಂದ ಆದ ತೀರ್ಮಾನ ಅದೊಂದೇ.

ಇನ್ನು ನನ್ನ ಹೆಂಡತಿಯ ವಿಷಯ. ಮೂವತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಟೀ ಮಾಡುವವಳು ಅವಳೇ. ಮೊದಲ ಲೋಟ ನನಗೆ, ಆಮೇಲೆ ಅಮ್ಮನಿಗೆ, ಆಮೇಲೆ ಮಗಳಿಗೆ, ಆಮೇಲೆ ಆ ಹೊತ್ತಿಗೆ ಬಾಗಿಲು ಬಡಿದವರಿಗೆ. ಅವಳ ಲೋಟ ಒಲೆಯ ಪಕ್ಕದ ಕಟ್ಟೆಯ ಮೇಲೆ ಕೆನೆ ಕಟ್ಟಿಕೊಂಡು ಕೂತಿರುತ್ತಿತ್ತು. ಇದು ನನ್ನ ಗಮನಕ್ಕೆ ಬಂದದ್ದು ನಿವೃತ್ತಿಯ ಮಾರನೇ ದಿನ, ಬೆಳಿಗ್ಗೆ ಹತ್ತಕ್ಕೆ. ಅದಕ್ಕೆ ಮೊದಲು ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಇದ್ದವನೇ ಅಲ್ಲ.

“ಅಲ್ವೇ, ಅಷ್ಟು ಆರಿದ್ದನ್ನ ಯಾಕೆ ಕುಡೀತೀಯ?” ಎಂದೆ.

“ಬಿಸಿ ಟೀ ಹೇಗಿರತ್ತೆ ಅನ್ನೋದೇ ಮರೆತುಹೋಗಿದೆ ರೀ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಮೂವತ್ನಾಲ್ಕು ವರ್ಷ ಊರಿನ ಸಮಸ್ತ ಕಡತಗಳಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕಿದವನಿಗೆ ಮನೆಯೊಳಗೆ ಬಿಟ್ಟುಹೋದದ್ದು ಕಂಡಿರಲಿಲ್ಲ. ಆ ಕ್ಷಣವೇ ಮಾತು ಕೊಟ್ಟೆ: “ನೋಡು ಇವಳೇ, ಹಡಗಿನಲ್ಲಿ ಏಳು ಬೆಳಿಗ್ಗೆಯೂ ನೀನು ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ಬಿಸಿಬಿಸಿ ಟೀ ನಿನ್ನ ಕೈಗೆ ನಾನೇ ತಂದುಕೊಡ್ತೀನಿ.”

“ನೋಡೋಣ” ಎಂದಳು. ಈ ‘ನೋಡೋಣ’ವನ್ನು ನಾನು ಕಚೇರಿಯಲ್ಲಿ ಸಾವಿರಾರು ಜನರಿಗೆ ಹೇಳಿದ್ದೇನೆ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಮೊದಲನೇ ಬೆಳಿಗ್ಗೆ ಲಿಫ್ಟ್ ಹತ್ತಿ ಹನ್ನೊಂದನೇ ಮಹಡಿಗೆ ಹೋದೆ. ಅಲ್ಲಿ ಬಿಳಿ ಅಂಗಿ ತೊಟ್ಟ, ದಪ್ಪ ಮೀಸೆಯ ಟೀಯವನು ನಿಂತಿದ್ದ. ಪ್ರಯಾಣಿಕರು ಕಾಯಬಾರದೆಂದು ಕಪ್ಪುಗಳನ್ನು ಮೊದಲೇ ತುಂಬಿಸಿ ಸಾಲಾಗಿ ಜೋಡಿಸಿಡುವುದು ಅಲ್ಲಿನ ಪದ್ಧತಿ. ಒಂದನ್ನು ಎತ್ತಿಕೊಂಡು, ತುಳುಕದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಕೋಣೆಗೆ ತಂದೆ. ಅವಳು ಒಂದು ಗುಟುಕು ಕುಡಿದು, “ಚೆನ್ನಾಗಿದೆ” ಎಂದಳು. ನಾನು ಹಾಡು ಹೇಳಿದಾಗಲೂ ಅವಳು ಇದೇ ದನಿಯಲ್ಲಿ ಚೆನ್ನಾಗಿದೆ ಅನ್ನುವುದು. ಬೆರಳು ಅದ್ದಿ ನೋಡಿದೆ. ಬೆರಳಿಗೆ ಏನೂ ತೊಂದರೆಯಾಗಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಬಹುದಿತ್ತು.

ಬೇರೆ ಯಾರಾದರೂ ಆಗಿದ್ದರೆ ಮತ್ತೆ ಮೇಲೆ ಹೋಗಿ, ‘ಅಣ್ಣಾ, ಸ್ವಲ್ಪ ಬಿಸಿ ಮಾಡಿಕೊಡಪ್ಪಾ’ ಎನ್ನುತ್ತಿದ್ದರು. ನಾನು ಅರ್ಜಿ ಬರೆದೆ.

“ಮಾನ್ಯರೇ, ವಿಷಯ: ಟೀ ಆರಿರುವ ಬಗ್ಗೆ. ಉಲ್ಲೇಖ: ಇಂದು ಬೆಳಿಗ್ಗೆ ಕುಡಿದ ಟೀ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ಟೀ ಬಿಸಿಯಾಗಿರುವುದಿಲ್ಲ. ಆದ್ದರಿಂದ ಇನ್ನು ಮುಂದೆ ಪ್ರತಿ ಕಪ್ಪಿನ ಬಿಸಿಯನ್ನು ವಿತರಣೆಗೆ ಮುನ್ನ ಅಳೆದು, ರಿಜಿಸ್ಟರಿನಲ್ಲಿ ನಮೂದಿಸಿ, ಪ್ರಯಾಣಿಕರ ಸಹಿ ಪಡೆಯತಕ್ಕದ್ದು.” ಮೂರು ಪ್ರತಿ ಮಾಡಿದೆ. ಕಪ್ಪಿನ ತಳದಲ್ಲಿ ಉಳಿದ ಟೀಯನ್ನು ಲಗತ್ತಿಸಿದೆ.

ಹಡಗಿನ ಆತಿಥ್ಯಾಧಿಕಾರಿ ನಗುಮುಖದ ಹೆಂಗಸು. ಅರ್ಜಿಯನ್ನು ನಿಂತುಕೊಂಡೇ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಗಂಭೀರವಾಯಿತು.

“ಸಾರ್, ಹನ್ನೆರಡು ವರ್ಷದಿಂದ ಈ ಹಡಗಿನಲ್ಲಿದೀನಿ. ಎಲ್ಲರೂ ಬರ್ತಾರೆ, ಬಾಯಿಗೆ ಬಂದ ಹಾಗೆ ಬೈದು ಹೋಗ್ತಾರೆ. ವಿಷಯ, ಉಲ್ಲೇಖ ಹಾಕಿ ಬರೆದುಕೊಟ್ಟವರು ನೀವೇ ಮೊದಲು.”

ನಿವೃತ್ತಿಯಾದ ಮೇಲೆ ನನ್ನ ಬರವಣಿಗೆಯನ್ನು ಯಾರೂ ಪೂರ್ತಿ ಓದಿರಲಿಲ್ಲ. ಅದಕ್ಕೆ ಮೊದಲು ಓದಿದ್ದರೋ ಇಲ್ಲವೋ, ಅದು ಬೇರೆ ಮಾತು.

ಎರಡನೇ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: “ಪ್ರಯಾಣಿಕರ ಗಮನಕ್ಕೆ. ಹಿರಿಯ ಪ್ರಯಾಣಿಕರೊಬ್ಬರ ಕೋರಿಕೆಯ ಮೇರೆಗೆ ಟೀಯನ್ನು ಅಳೆದು ಕೊಡಲಾಗುವುದು. ದಯವಿಟ್ಟು ಸಹಕರಿಸಿ.” ಕೌಂಟರಿನಲ್ಲಿ ದಾರ ಕಟ್ಟಿದ ಥರ್ಮಾಮೀಟರ್, ಪಕ್ಕದಲ್ಲಿ ಹೊಸ ರಿಜಿಸ್ಟರ್. ಟೀಯವನು ಒಂದೊಂದು ಕಪ್ಪಿಗೂ ಥರ್ಮಾಮೀಟರ್ ಅದ್ದಿ, ಕಾದು, ಓದಿ, ಕನ್ನಡಕ ಹುಡುಕಿ, ಬರೆದು, ಸಹಿ ತೆಗೆದುಕೊಳ್ಳುತ್ತಿದ್ದ. ಸಾಲು ಈಜುಕೊಳದವರೆಗೆ ಬೆಳೆದಿತ್ತು. ನನ್ನ ಕಪ್ಪು ರಿಜಿಸ್ಟರಿನಲ್ಲಿ ಐವತ್ತೊಂದು ಡಿಗ್ರಿ ಇತ್ತು. ಕೋಣೆಗೆ ಬರುವ ಹೊತ್ತಿಗೆ ನಲವತ್ತು.

“ಇವತ್ತೂ ಚೆನ್ನಾಗಿದೆ” ಎಂದಳು ಹೆಂಡತಿ. ಆಮೇಲೆ, “ನಿಮ್ಮ ಅಂಗಿ ಎಲ್ಲ ಮುದುಡಿದೆ. ಕೆಳಗೆ ಇಸ್ತ್ರಿ ಮಾಡಿಕೊಡ್ತಾರಂತೆ, ಕೊಟ್ಟು ಬರ್ತೀನಿ” ಎಂದು ಹೊರಟಳು. ಹೋಗಲಿ ಎಂದುಕೊಂಡೆ. ನನಗೆ ಎರಡನೇ ಅರ್ಜಿ ಬರೆಯುವುದಿತ್ತು.

ಎರಡನೇ ಅರ್ಜಿಯಲ್ಲಿ ಕಪ್ಪಿಗೆ ಮುಚ್ಚಳ ಕೇಳಿದೆ. ಆತಿಥ್ಯಾಧಿಕಾರಿ ಅದನ್ನು ಸುರಕ್ಷತಾಧಿಕಾರಿಗೆ ಕಳಿಸಿದರು. ಅವರು ಷರಾ ಬರೆದರು: “ಮುಚ್ಚಳ ಹಾಕಿದರೆ ಒಳಗೆ ಏನಿದೆಯೆಂದು ತಿಳಿಯುವುದಿಲ್ಲ. ಆದ್ದರಿಂದ ಲಿಫ್ಟಿನ ಬಾಗಿಲಲ್ಲಿ ಮುಚ್ಚಳ ತೆಗೆದು, ಟೀ ಹೌದೆಂದು ಖಚಿತಪಡಿಸಿಕೊಂಡು, ಮತ್ತೆ ಮುಚ್ಚತಕ್ಕದ್ದು.” ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ನಾನಿದ್ದರೂ ಇದನ್ನೇ ಬರೆಯುತ್ತಿದ್ದೆ. ಮೂರನೇ ಬೆಳಿಗ್ಗೆ ಲಿಫ್ಟ್ ಹತ್ತುವ ಕಡೆ ಒಬ್ಬರು, ಇಳಿಯುವ ಕಡೆ ಒಬ್ಬರು ಮುಚ್ಚಳ ತೆಗೆದು ನೋಡಿ, “ಟೀ” ಎಂದು ದೃಢೀಕರಿಸಿದರು. ಟೀ ಮೂವತ್ತೇಳು ಡಿಗ್ರಿಗೆ ಬಂದಿತ್ತು. ಡಾಕ್ಟರು ನೋಡಿದ್ದರೆ ಆರೋಗ್ಯವಾಗಿದೆ ಎನ್ನುತ್ತಿದ್ದರು.

ಅಂದು ಮಧ್ಯಾಹ್ನ ಆತಿಥ್ಯಾಧಿಕಾರಿ ನಮ್ಮ ಕೋಣೆಗೇ ಬಂದರು. “ಸಾರ್, ನಿಮ್ಮಂಥ ಅನುಭವಿಗಳು ನಮಗೆ ಬೇಕು” ಎಂದು ಹೇಳಿ ಒಂದು ಬ್ಯಾಡ್ಜ್ ಕೊಟ್ಟರು. ‘ಬಿಸಿ ಪಾನೀಯ ಸಮಿತಿ, ಗೌರವ ಅಧ್ಯಕ್ಷರು’ ಎಂದಿತ್ತು. ನಿಜ ಹೇಳುತ್ತೇನೆ, ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಾನು ಜೋರಾಗಿ ಹೇಳಿಬಿಟ್ಟೆನೋ ಏನೋ, ಹೆಂಡತಿ ತಿರುಗಿ ನೋಡಿದಳು. ಬ್ಯಾಡ್ಜನ್ನು ಅವಳೇ ನನ್ನ ಕೊರಳಿಗೆ ಹಾಕಿ, ದಾರ ನೇರ ಮಾಡಿದಳು.

ಹೊರಗೆ ದ್ವೀಪಗಳು ಬಂದು ಹೋದವಂತೆ. ಮೀನುಗಳು ನೀರಿನಿಂದ ಹಾರಿದವಂತೆ. ನಾನು ಸಭೆಯಲ್ಲಿದ್ದೆ. ಸಭೆಗೆ ಹೋಗುವಾಗಲೆಲ್ಲ ನನ್ನ ಅಂಗಿಗೆ ಗರಿಗರಿ ಇಸ್ತ್ರಿ ಬಿದ್ದಿರುತ್ತಿತ್ತು. ಅಧ್ಯಕ್ಷರೆಂದರೆ ಹೀಗೆ ನೋಡಿಕೊಳ್ಳುತ್ತಾರೆ ಎಂದುಕೊಂಡೆ.

ಸಮಿತಿಯ ಮೊದಲ ಕಾರ್ಯಸೂಚಿ, ‘ಬಿಸಿ ಎಂದರೇನು?’. ಹಡಗಿನ ಡಾಕ್ಟರು, ನಾಲಿಗೆ ಸುಡಬಾರದು ಎಂದರು. ಸುರಕ್ಷತಾಧಿಕಾರಿ, ಹಡಗು ಓಲಾಡಿ ಮೈಮೇಲೆ ಚೆಲ್ಲಿದರೂ ಸುಡಬಾರದು ಎಂದರು. ಆತಿಥ್ಯಾಧಿಕಾರಿ, ಸುಡದಿದ್ದರೂ ಪ್ರಯಾಣಿಕರಿಗೆ ಸುಟ್ಟಷ್ಟೇ ತೃಪ್ತಿ ಸಿಗಬೇಕು ಎಂದರು. ವಿಶೇಷ ಆಹ್ವಾನಿತನಾಗಿ ಗೋಡೆಗೆ ಒರಗಿ ನಿಂತಿದ್ದ ಟೀಯವನು ಗಂಟಲು ಸರಿಮಾಡಿಕೊಂಡ.

“ಸಾರ್, ಒಲೆಯಿಂದ ಇಳಿಸಿದ ತಕ್ಷಣ ಕುಡಿದುಬಿಟ್ಟರೆ ಬಿಸಿ ಇರತ್ತೆ.”

ಎಲ್ಲರೂ ಅಧ್ಯಕ್ಷರ ಕಡೆ, ಅಂದರೆ ನನ್ನ ಕಡೆ ನೋಡಿದರು. ಈ ಅಭಿಪ್ರಾಯ ಕಾರ್ಯಸೂಚಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿ, ಅದನ್ನು ನಡಾವಳಿಯಿಂದ ತೆಗೆಸಿಹಾಕಿದೆ. ನಂತರ ಈ ಕೆಳಗಿನ ನಿಯಮವನ್ನು ನಾನೇ ಬರೆದು ಓದಿದೆ: “ಬಿಸಿ ಎಂದರೆ ನಲವತ್ತೆಂಟು ಡಿಗ್ರಿ ಮೀರದ, ಮತ್ತು ಬಿಸಿ ಎಂದು ನಮೂದಿಸಲ್ಪಟ್ಟ ಪಾನೀಯ. ಅದಕ್ಕಿಂತ ಹೆಚ್ಚಿನದು ಅತಿಬಿಸಿ. ಅತಿಬಿಸಿ ಪಾನೀಯವು ಯಾರ ಕೈಗೆ ಬಂದರೂ ಅವರು ಅದನ್ನು ಕೂಡಲೇ ಕೆಳಗಿಟ್ಟು, ನಿಗದಿತ ಮಟ್ಟಕ್ಕೆ ಇಳಿದ ನಂತರವೇ ಸೇವಿಸತಕ್ಕದ್ದು.” ಮೇಜು ಕುಟ್ಟಿ ಅಂಗೀಕರಿಸಿದರು. ಅಧ್ಯಕ್ಷರ ಸ್ವಂತ ಉಪಯೋಗಕ್ಕೆಂದು ಒಂದು ಪುಟ್ಟ ಥರ್ಮಾಮೀಟರನ್ನೂ ಮಂಜೂರು ಮಾಡಿದರು.

ದೂರುಗಳ ಬಗ್ಗೆಯೂ ಒಂದು ನಿಯಮ ತಂದೆ. ಟೀ ಆರಿದೆ ಎಂದು ದೂರುವವರು ಆ ಟೀಯನ್ನೇ ಲಗತ್ತಿಸಬೇಕು, ಮತ್ತು ಲಗತ್ತು ಪರಿಶೀಲನೆಯ ಹೊತ್ತಿನಲ್ಲಿ ಬಿಸಿ ಇದ್ದರೆ ದೂರು ವಜಾ. ಆರಿದ್ದರೆ, ಅದು ಕೊಡುವಾಗಲೇ ಆರಿತ್ತು ಎನ್ನುವುದಕ್ಕೆ ಪುರಾವೆಯಿಲ್ಲದ್ದರಿಂದ, ಅದೂ ವಜಾ. ಐದನೇ ದಿನಕ್ಕೆ ದೂರುಗಳು ನಿಂತುಹೋದವು. ಆರನೇ ದಿನ ಸಾಲಿನಲ್ಲಿ ನನ್ನ ಮುಂದಿದ್ದ ಒಬ್ಬ ಅಜ್ಜಿ ತನ್ನ ಮೊಮ್ಮಗಳಿಗೆ, “ಬಿಸಿ ಟೀ ಹಲ್ಲಿಗೆ ಒಳ್ಳೇದಲ್ವಂತೆ ಪುಟ್ಟಾ, ಇವರು ಎಷ್ಟು ಯೋಚನೆ ಮಾಡಿದಾರೆ ನೋಡು” ಎಂದು ಹೇಳುತ್ತಿದ್ದರು. ಅಂದು ಸಂಜೆ ಕಪ್ತಾನರು ಸಮಿತಿಗೆ ಪ್ರಶಂಸಾಪತ್ರ ಕೊಟ್ಟರು. ಎಲ್ಲರೂ ಟೀ ಕಪ್ಪು ಎತ್ತಿ ಹಿಡಿದರು. ಸದಸ್ಯರು ಯಾರೂ ಕುಡಿಯಲಿಲ್ಲ, ಅದನ್ನು ನಾನು ಶಿಸ್ತು ಎಂದುಕೊಂಡೆ.

ಏಳನೇ ಬೆಳಿಗ್ಗೆ ನಾಲ್ಕು ಸಹಿ, ಎರಡು ಮುಚ್ಚಳ ತಪಾಸಣೆ, ಒಂದು ಸ್ವೀಕೃತಿ ಚೀಟಿ ಮುಗಿಸಿಕೊಂಡು ಇಪ್ಪತ್ತಾರು ನಿಮಿಷದಲ್ಲಿ ಕೋಣೆಗೆ ಬಂದೆ. ಹಾಸಿಗೆಯಲ್ಲಿ ಹೆಂಡತಿ ಇರಲಿಲ್ಲ. ಹೊದಿಕೆ ಮಡಿಸಿಟ್ಟಿತ್ತು. ಕಪ್ಪು ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತೆ. ಮುಟ್ಟಿ ನೋಡಿದರೆ ಕಪ್ಪೂ ತಣ್ಣಗೆ, ಕೈಯೂ ತಣ್ಣಗೆ. ಏಳು ಬೆಳಿಗ್ಗೆ ಮುಗಿದಿತ್ತು. ಕೊಟ್ಟ ಮಾತು ಒಂದೇ ಒಂದು ದಿನವೂ ನಡೆದಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎನಿಸಿತು. ಬ್ಯಾಡ್ಜನ್ನು ಅಂಗಿಯೊಳಗೆ ತುರುಕಿಕೊಂಡೆ.

ಅಷ್ಟರಲ್ಲಿ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಅವಳು ಒಳಗೆ ಬಂದಳು. ಎರಡೂ ಕೈಯಲ್ಲಿ ಸ್ಟೀಲ್ ಲೋಟ, ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಲೋಟಗಳಿಂದ ಹಬೆ ಏಳುತ್ತಿತ್ತು.

“ಎಲ್ಲಿಂದ ತಂದೆ?”

“ಕೆಳಗೆ ಇಸ್ತ್ರಿ ಮಾಡೋ ಅಕ್ಕನ ಹತ್ರ. ಅವತ್ತು ನಿಮ್ಮ ಅಂಗಿ ಕೊಡೋಕೆ ಹೋದೆನಲ್ಲ, ಅವರು ಟೀ ಕಾಯಿಸ್ತಾ ಇದ್ರು. ‘ಅಕ್ಕಾ, ನನಗೂ ಒಂದು ಲೋಟ ಸಿಗತ್ತಾ?’ ಅಂದೆ. ‘ಕೂತ್ಕೊಳ್ಳಮ್ಮ’ ಅಂದ್ರು. ಕೈಗೇ ತಂದುಕೊಟ್ಟರು ರೀ. ಲೋಟ ತೊಳೆಯೋಕೆ ಎದ್ದರೆ ಬೈದರು.”

“ಕೇಳಿದೆ, ಕೊಟ್ಟರು?”

“ಹೂಂ. ಕೇಳಿದೆ, ಕೊಟ್ಟರು. ಆಮೇಲೆ ದಿನಾ ಹೋಗ್ತಿದ್ದೆ. ನಿಮ್ಮ ಟೀಯವರೂ ಬರ್ತಾರೆ. ಡಾಕ್ಟರು, ಆ ಸುರಕ್ಷತೆಯವರು, ನಗ್ತಾರಲ್ಲ ಆ ಮೇಡಮ್ಮು, ಎಲ್ಲರೂ ಅಲ್ಲೇ ಕುಡಿಯೋದು. ನಿಮ್ಮ ಸಮಿತಿಯಲ್ಲಿ ಬರದೇ ಇರೋರು ನೀವೊಬ್ಬರೇ.”

“ನನಗ್ಯಾಕೆ ಹೇಳಲಿಲ್ಲ?”

ಅವಳು ಒಂದು ಲೋಟವನ್ನು ನನ್ನ ಕೈಗೆ ಕೊಟ್ಟಳು. “ನೀವು ಅಷ್ಟು ಖುಷಿಯಾಗಿದ್ರಿ. ಅದೂ ಅಲ್ಲದೆ, ಹೇಳಿದ್ದಿದ್ದರೆ ಅಕ್ಕನ ಹತ್ರಾನೂ ಒಂದು ರಿಜಿಸ್ಟರ್ ಇಡಿಸ್ತಿದ್ರಿ.”

ನಿಜ, ಇಡಿಸುತ್ತಿದ್ದೆ. ಮೊದಲ ಪುಟದಲ್ಲಿ ಕಾಲಂಗಳನ್ನೂ ನಾನೇ ಎಳೆದುಕೊಡುತ್ತಿದ್ದೆ.

ಲೋಟ ಬೆರಳು ಸುಡುತ್ತಿತ್ತು. ಜೇಬಿನಿಂದ ಥರ್ಮಾಮೀಟರ್ ತೆಗೆದು ಅದ್ದಿದೆ. ಎಪ್ಪತ್ತೊಂಬತ್ತು. ನಿಯಮ ಬರೆದವನು ನಾನು, ಸಹಿ ನನ್ನದು. ಲೋಟವನ್ನು ಮೇಜಿನ ಮೇಲಿಟ್ಟು ಕಾಯುತ್ತಾ ಕೂತೆ. ಅವಳು ಹಾಸಿಗೆಯ ಮೇಲೆ ಕಾಲು ಮಡಿಚಿ ಕೂತು, ಲೋಟವನ್ನು ಊದಿ ಊದಿ, ಕಣ್ಣು ಮುಚ್ಚಿಕೊಂಡು ಕುಡಿದಳು. ಒಂದೊಂದು ಗುಟುಕಿಗೂ ಅವಳ ಮುಖ ಸ್ವಲ್ಪ ಸ್ವಲ್ಪ ಸಡಿಲವಾಗುತ್ತಿತ್ತು. ಆ ಮುಖವನ್ನು ನಾನು ಮೂವತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ನೋಡುತ್ತಾ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಕುಡಿದು ಮುಗಿಸಿ, “ಆ ಚೀಟಿ ಕೊಡಿ ಇಲ್ಲಿ” ಎಂದಳು. ‘ಬಿಸಿ ಟೀ ತಲುಪಿದೆ’ ಎಂಬ ಸ್ವೀಕೃತಿ ಚೀಟಿ ಅದು, ಸಹಿಯಾಗಿ ಮೇಲಕ್ಕೆ ವಾಪಸು ಹೋಗಬೇಕು. ನನ್ನ ಜೇಬಿನ ಪೆನ್ನು ತೆಗೆದುಕೊಂಡು ಗುಂಡಗೆ ಸಹಿ ಮಾಡಿಕೊಟ್ಟಳು. ಯಾವ ಟೀ, ಯಾರು ಕೊಟ್ಟದ್ದು ಎಂಬ ಕಾಲಂ ಅದರಲ್ಲಿ ಇರಲಿಲ್ಲ.

ನನ್ನ ಲೋಟ ಐವತ್ಮೂರಕ್ಕೆ ಇಳಿದಿತ್ತು.

“ಇನ್ನೈದು ಡಿಗ್ರಿ” ಎಂದೆ.

“ಆಗಲಿ, ಅವಸರ ಏನಿದೆ?” ಎಂದು ಅವಳು ಬಟ್ಟೆ ಜೋಡಿಸಲು ಪೆಟ್ಟಿಗೆ ಎಳೆದುಕೊಂಡಳು.

ನಲವತ್ತೆಂಟು ಆಗುವ ಹೊತ್ತಿಗೆ ಟೀಯ ಮೇಲೆ ದಪ್ಪಗೆ ಕೆನೆ ಕಟ್ಟಿತ್ತು. ಬೆರಳಿನಿಂದ ಬದಿಗೆ ಸರಿಸಿ ಕುಡಿದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು.

“ಚೆನ್ನಾಗಿದೆ” ಎಂದೆ.