ಕಾಕಾನ ಬೈಗುಳದ ಪದಗಳು

ನಮ್ಮ ಕಾಕಾನ ಪದದಲ್ಲಿ ಬೈಸಿಕೊಳ್ಳದವರು ಭಾಲ್ಕಿಯಲ್ಲಿ ದೊಡ್ಡ ಮನುಷ್ಯರೇ ಅಲ್ಲ! ಹಾಗಂತ ನಾನು ಹೇಳುತ್ತಿಲ್ಲ, ಬೈಸಿಕೊಂಡವರೇ ಹೇಳಿಕೊಂಡು ತಿರುಗುತ್ತಾರೆ. ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಊರಿನ ದೊಡ್ಡವರ ಮೇಲೆ ಪದ, ಅಂದರೆ ಹಾಡು, ಕಟ್ಟುವುದೊಂದೇ ಅವರ ಕೆಲಸ, ಉಳಿದ ಸಂಸಾರವೆಲ್ಲ ಅವರ ಹೆಂಡತಿ ಕಾಕುವಿನದು.

ಹಾಡು ಹುಟ್ಟುವುದು ಬಸ್ಸಿನಲ್ಲಿ. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಮುಗಿಯಿತು! ಹೊರಗೆ ತೊಗರಿ ಹೊಲಗಳು ತೇಲುತ್ತವೆ, ಒಳಗೆ ಕಾಕಾ ತೇಲುತ್ತಾರೆ. ಒಮ್ಮೆ ಬೀದರಕ್ಕೆ ಹೊರಟವರು ಯಾವುದೋ ಬಸ್ಸು ಹತ್ತಿ ಔರಾದದಲ್ಲಿ ಇಳಿದಿದ್ದರು.

"ಅಲ್ಲಿಗ್ಯಾಕ ಹೋದ್ರಿ ಕಾಕಾ?" ಎಂದು ಫೋನಿನಲ್ಲಿ ಕೇಳಿದೆ.

"ಪದಾ ಈ ಕಡಿ ಹೊಂಟಿತ್ತು. ಬೆನ್ನ ಹತ್ತಿ ಬಂದೀನಿ."

ಇಂಥವರನ್ನು ರಸ್ತೆ ಉದ್ಘಾಟನೆಗೆ ಕರೆಯಬಹುದೇ? ಆ ರಸ್ತೆ ಮಾಡಿದ ಗುತ್ತಿಗೆದಾರನೇ ಕರೆದ, ಶಾಲು ಹೊದಿಸಿದ, ಮೈಕು ಕೊಟ್ಟ. ಕಾಕಾ ಎತ್ತಿಕೊಂಡರು:

"ರಸ್ತಾ ಮಾಡ್ಯಾರ ರಸ್ತಾ, ನೋಡಾಕ ಭಾಳ ಮಸ್ತ,
ಒಂದ ಮಳಿ ಬಂದ್ರ ಸಾಕು, ರಸ್ತಾ ಊರು ಬಿಡ್ತದ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಯಾರು? ಅದೇ ಗುತ್ತಿಗೆದಾರ! "ಆ ಔರಾದದ ಗುತ್ತಿಗೆದಾರಗ ಛಲೋ ಇಟ್ರಿ ನೋಡ್ರಿ!" ಎಂದು ಕಾಕಾನ ಕೈ ಕುಲುಕಿದ. ಅವತ್ತು ಕಾಕಾ ಊಟವನ್ನೇ ಮಾಡಲಿಲ್ಲ. ಬೈಗುಳ ಮುಟ್ಟಬೇಕಾದವನಿಗೆ ಮುಟ್ಟದಿದ್ದರೆ ಕವಿಗೆ ಎಂಥ ಸಂಕಟ!

ಆದರೆ ಕಾಕುವಿನ ತಕರಾರೇ ಬೇರೆ. ಇಷ್ಟು ವರ್ಷ ಸಂಸಾರ ಮಾಡಿದರೂ ತನ್ನ ಮೇಲೆ ಒಂದು ಪದ ಇಲ್ಲ! ಹೋದ ವರ್ಷ ಬೀದರದ ಆಸ್ಪತ್ರೆಯಲ್ಲಿ, ಹೃದಯದ ಆಪರೇಷನ್ನಿಗೆ ಕರೆದೊಯ್ಯುವಾಗಲೂ ಸ್ಟ್ರೆಚರಿನ ಮೇಲೆ ಅದನ್ನೇ ತೆಗೆದಳು.

"ಊರ ಮಂದಿಗೆಲ್ಲ ಬೈದ್ರಿ. ನಾ ಏನ್ ಲೆಕ್ಕಕ್ಕಿಲ್ಲೇನ್ರಿ? ಈಗರ ಒಂದು ಬೈರಿ, ಕೇಳಿ ಹೋಗ್ತೇನಿ."

"ಸಾರಿಗಿ ಉಪ್ಪು..." ಎಂದು ಕಾಕಾ ಶುರು ಮಾಡಿ ನಿಂತರು. "ಮಾತಿಗಿ ಮೊದಲ ಸಿಟ್ಟು..." ಮತ್ತೆ ನಿಂತರು. ಮಂತ್ರಿಗಳನ್ನು ನಿಂತ ನಿಲುವಿನಲ್ಲೇ ಜಾಡಿಸುವ ಮನುಷ್ಯನಿಗೆ ಮುಂದಿನ ಮಾತು ಸಿಗಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ.

"ಪೂರಾ ಕೇಳೋದಿತ್ತಂದ್ರ ಹೊರಗ ಬಾ," ಎಂದರು ಕಾಕಾ, ಅವಳ ಕೈ ಬಿಡದೆ. "ಮನಸಾರೆ ಬೈತೇನಿ. ಅರ್ಧಾ ಪದಾ ಬಿಟ್ಟು ಎಲ್ಲಿ ಹೋಗ್ತಿ?"

ಕಾಕು ಬಂದಳು. ವಾರ್ಡಿಗೆ ತಂದ ದಿನ ಕಾಕಾ ಅವಳ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹಾಡಿದರು. ಬೈಗುಳ ಒಂದೂ ಇರಲಿಲ್ಲ. ಪದದ ತುಂಬ ಮದುವೆಯ ದಿನ ಕೆಂಪು ಸೀರೆ ಉಟ್ಟು, ತಲೆ ತಗ್ಗಿಸಿ ಬಂದ ಹುಡುಗಿಯೊಬ್ಬಳಿದ್ದಳು.

ಕಾಕುವಿನ ಕಣ್ಣಿಂದ ನೀರು ದಿಂಬಿಗೆ ಇಳಿಯಿತು.

"ಅದು ಹಸರ ಸೀರಿ ಇತ್ರಿ," ಎಂದಳು. "ಇರ್ಲಿ, ಇನ್ನೊಮ್ಮೆ ಹಾಡ್ರಿ."