ಗೋಡೆ ಬಿಚ್ಚಿದವರ ಪಾಡು

ಪಾಳು ಗುಡಿಗೆ ಕೈಹಾಕಿದವರಿಗೆ ಪುಣ್ಯ ಯಾವಾಗ ಬರುತ್ತದೋ ಗೊತ್ತಿಲ್ಲ, ಫಜೀತಿ ಮಾತ್ರ ಪ್ರತಿ ರವಿವಾರ ತಪ್ಪದೆ ಬರುತ್ತದೆ. ನಾನು ಬಾಗೇವಾಡಿಯ ನಿವೃತ್ತ ಮಾಸ್ತರ. ಜೊತೆಗೆ ಸಿಂದಗಿಯ ದನದ ಡಾಕ್ಟರು, ಮುದ್ದೇಬಿಹಾಳದ ಬ್ಯಾಂಕ್ ಸಾಹೇಬರು. ಗೊಳಸಂಗಿ ಕಡೆಯ ಹಳೆ ಈಶ್ವರ ಗುಡಿಯೊಂದರ ಆಳೆತ್ತರದ ಗೋಡೆ ವಾಲಿತ್ತು. ಮಳೆಗಾಲ ಬರುವುದರೊಳಗೆ ಬಿಚ್ಚಿ ಕಟ್ಟಲು ಹೊರಟೆವು.

ನಿಧಿ

ಮೊದಲ ದಿನ ಗುದ್ದಲಿ ಎತ್ತಿದ್ದೇ ತಡ, ಊರ ಮಂದಿ ಸುತ್ತುವರಿದರು.

“ನಿಧಿ ತಗಿಯಾಕ ಬಂದೀರೇನ್ರಿ?”

“ಇಲ್ರಿ, ಗುಡಿ ರಿಪೇರಿ ಮಾಡಾಕ.”

“ಎಲ್ಲಾರೂ ಹಂಗ ಅಂತಾರ.”

ಊರ ಗೌಡರು ಬೇವಿನ ನೆರಳಿಗೆ ಕುರ್ಚಿ ಹಾಕಿಸಿ ಸಂಜೆತನಕ ನಮ್ಮನ್ನು ಕಾದರು. ಡಾಕ್ಟರು ಮೂರು ಬುಟ್ಟಿ ಮಣ್ಣು ಹೊತ್ತು ನಾಲ್ಕು ಸಲ ಚಹಾ ಕುಡಿದರು. ಸಾಹೇಬರು ಅರ್ಧ ತಾಸು ಅಗೆದು ಒಂದು ತಾಸು ಸೊಂಟ ಹಿಡಿದು ಕೂತರು. ಕೊನೆಗೆ ಗೌಡರು ಎದ್ದರು.

“ಮಾಡ್ರಿ. ಒಂದ ಕಲ್ಲು ಜಾಗಾ ತಪ್ಪಿದ್ರ ಮಾತ್ರ ಮತ್ತ ಊರಾಗ ಕಾಲಿಡಬ್ಯಾಡ್ರಿ.”

ನಂಬಿಕೆ ಹೇಗೆ ಬಂತು ಎಂದು ಕೇಳಿದೆ.

“ನಿಧಿ ಕಳ್ಳರು ಇಷ್ಟ ಸಾವಕಾಶ ಅಗದ್ರ ಅವರ ಸಂಸಾರ ನಡೀತೈತೇನ್ರಿ?”

ಬಣ್ಣ

ಗೌಡರಿಗೆ ನಮ್ಮ ಮೇಲೆ ಪ್ರೀತಿ ಬಂದದ್ದೇ ಮುಂದಿನ ತಾಪತ್ರಯ. ಒಂದು ದಿನ ಹಸಿರು ಆಯಿಲ್ ಪೇಂಟಿನ ಡಬ್ಬಿ ತಂದು, ಕೆತ್ತನೆಯ ಕಂಬದೆದುರು ಬ್ರಷ್ ಅದ್ದಿ ನಿಂತರು. ಡಾಕ್ಟರು ಓಡಿಹೋಗಿ ಕಂಬವನ್ನೇ ಅಪ್ಪಿಕೊಂಡರು.

“ಬ್ಯಾಡ್ರಿ ಗೌಡ್ರ, ಕಲ್ಲು ಕಲ್ಲಿನಂಗ ಇರಲಿ!”

ಗೌಡರು ಬ್ರಷ್ ಇಳಿಸಿದರು. ನಮಗೆ ಹೋದ ಜೀವ ಬಂತು. “ಆದ್ರ ಡಬ್ಬಿ ತಗದೇನಿ, ಒಣಗಿ ಹೋಗಬಾರದು” ಎಂದು ಅವರು ನಮ್ಮ ಬುಟ್ಟಿ, ಗುದ್ದಲಿ, ಸಾಹೇಬರ ಸ್ಕೂಟರ್ ಎಲ್ಲಕ್ಕೂ ಬಳಿದರು. ಸ್ಕೂಟರನ್ನು ಅಪ್ಪಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ನಂಬರು

ಗೋಡೆ ಬಿಚ್ಚುವಾಗ ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರು ಹಾಕಿದವನು ನಾನು. ಮರು ರವಿವಾರ ಬಂದು ನೋಡಿದರೆ ಕಲ್ಲುಗಳೆಲ್ಲ ಫಳಫಳ ಹೊಳೆಯುತ್ತಿವೆ, ಒಂದರ ಮೇಲೂ ನಂಬರಿಲ್ಲ. ಪಕ್ಕದ ಹೊಲದ ಅಜ್ಜಿ ಖುಷಿಯಿಂದ ಬಂದಳು.

“ಸಾಲಿ ಹುಡುಗೂರು ದೇವರ ಕಲ್ಲಿನ ಮ್ಯಾಲ ಗೀಚಿದ್ವು ನೋಡ್ರಿ. ಸೋಮಾರ ಎಲ್ಲಾ ತೊಳದು ವಿಭೂತಿ ಹಚ್ಚೇನಿ.”

ಗೌಡರಿಗೆ ಯಾವ ಮುಖ ತೋರಿಸುವುದು? ವಿಷಯ ತಿಳಿದು ಅಜ್ಜಿ ನಕ್ಕಳು.

“ಅದಕ್ಕ ನಂಬರ ಯಾಕ ಬೇಕ್ರಿ? ನಲವತ್ತ ವರ್ಷ ಇಲ್ಲೇ ಆಡು ಕಟ್ಟೇನಿ.”

ಮುಂದೆ ಕೂತು ಹೇಳುತ್ತ ಹೋದಳು: “ಇದು ಹೋತ ಕೋಡು ತಿಕ್ಕಿದ್ದು, ಮೂಲ್ಯಾಗ ಇಡ್ರಿ. ಇದು ನನ್ನ ಬೆನ್ನಿಗಿ ಚುಚ್ಚತಿತ್ತು, ಅದರ ಮ್ಯಾಲ.” ಗೋಡೆ ಕಟ್ಟಲು ನಾವು ಕರೆತಂದಿದ್ದ ಗವಂಡಿ ಇಟ್ಟ ಕಲ್ಲುಗಳು ಒಂದಕ್ಕೊಂದು ಕಚ್ಚಿ ಕೂತವು. ರಜೆ ಹಾಕಿ ಅಲ್ಲೇ ಉಳಿದೆವು; ಮೂರನೆಯ ದಿನ, ಮಂಗಳವಾರ, ಗೋಡೆ ಎದ್ದಿತು.

ಗೌಡರು ನೋಡಲು ಬಂದರು. ಅಷ್ಟರಲ್ಲಿ ಅಜ್ಜಿ ನೀರು ಕುಡಿಯಲು ಎದ್ದಳು. ನೋಡುತ್ತೇವೆ, ಅವಳು ಕೂತಿದ್ದಲ್ಲಿ ಇನ್ನೊಂದು ಕಲ್ಲು! ಗೋಡೆಯಲ್ಲಿ ಬೆರಳು ತೂರುವಷ್ಟೂ ಜಾಗವಿಲ್ಲ. ಸಾಹೇಬರು ಅದರ ನುಣುಪು ಸವರಿ, “ಇದು ಗೋಡಿ ಬುಡಕ ಇದ್ದ ದೇವರ ಪೀಠದ ಕಲ್ಲ ಇರಬೇಕ್ರಿ. ಗೋಡಿ ಮತ್ತ ಬಿಚ್ಚಬೇಕು” ಎಂದರು. ಗೌಡರು ಚಪ್ಪಲಿ ಬಿಟ್ಟು ಕಲ್ಲಿಗೆ ಅಡ್ಡಬಿದ್ದರು. ತಪ್ಪಾಯಿತೆಂದು ನಾವೂ ಬಿದ್ದೆವು.

ಅಜ್ಜಿ ತಿರುಗಿ ಬಂದು ಗಾಬರಿಯಾದಳು. “ಅಯ್ಯ, ಇದ್ಯಾಕ್ರಿ? ಅದು ನಮ್ಮನಿ ಬಚ್ಚಲ ಕಲ್ಲು! ಕಲ್ಲು ತೊಳಿಯೋ ದಿನ ಕುಂಡ್ರಾಕ ಅಂತ ತಂದಿದ್ದೆ.”

ಎದೆಯ ಮೇಲಿದ್ದ ಭಾರವೆಲ್ಲ ಇಳಿದು, ನಾನು ಬಿದ್ದಲ್ಲೇ ನಕ್ಕೆ. ಗೌಡರು ಇನ್ನೂ ಎದ್ದಿರಲಿಲ್ಲ. ಅಜ್ಜಿ ಅವಸರ ಮಾಡಿದಳು.

“ಪೂಜಿ ಮುಗೀತಿಲ್ರಿ ಗೌಡ್ರ? ಕೊಡ್ರಿ ಲಗೂನ. ಎಂಟ ದಿನದಿಂದ ನಮ್ಮ ಮುದುಕ ನಿಂತಕೊಂಡ ಜಳಕಾ ಮಾಡಾಕತ್ತಾನ!”